ಬೇಲಿಯ ಬಳ್ಳಿ ಕಿತ್ತು ತರುವ ಮೊದಲು: ಒಳ್ಳೆಯದು ಯಾವುದು, ವಿಷದ್ದು ಯಾವುದು?

ಮಿರಗದ ಮಳೆ ಬಿದ್ದು ಬೇಲಿಗಳು ಹಸಿರಾದವೆಂದರೆ ಓದುಗರಿಂದ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಒಂದು ಎಲೆಯ ಫೋಟೊ, ಅದರ ಕೆಳಗೆ ಒಂದು ಸಾಲು: ‘ಇದು ಅಮೃತಬಳ್ಳಿ ಹೌದಲ್ರೀ? ಕಷಾಯ ಮಾಡಬಹುದೇನ್ರಿ?’ ಧಾರವಾಡದ ಖಾಲಿ ಸೈಟುಗಳಿಂದ, ಕಲಘಟಗಿ ದಾರಿಯ ಪೊದೆಗಳಿಂದ, ಕಪ್ಪತಗುಡ್ಡದ ಬುಡದ ಊರುಗಳಿಂದ, ಹಾವೇರಿಯ ಹೊಲದ ಬದುಗಳಿಂದ ಹೀಗೆ ಎಲೆಯ ಫೋಟೊಗಳು ಬರುತ್ತಲೇ ಇರುತ್ತವೆ.

ಒಂದು ಎಲೆ ನೋಡಿ ಹೇಳಲು ಬರುವುದಿಲ್ಲ ಎಂಬುದೇ ನನ್ನ ಉತ್ತರ. ನಮ್ಮ ಭಾಗದ ಬೇಲಿಗಳಲ್ಲಿ ಹೃದಯದಾಕಾರದ ಎಲೆಯ ಬಳ್ಳಿಗಳೇ ಐದಾರು ಬಗೆ ಇವೆ. ಅವುಗಳಲ್ಲಿ ಕೆಲವು ಮನೆಮದ್ದಿಗೆ ಬರುತ್ತವೆ, ಕೆಲವು ವಾಂತಿ ಬರಿಸುತ್ತವೆ, ಒಂದಂತೂ ಮೂತ್ರಪಿಂಡವನ್ನೇ ಹಾಳು ಮಾಡುತ್ತದೆ. ಎಲೆಯ ಆಕಾರ ಕೊನೆಯ ಸಾಕ್ಷಿ. ಕಾಂಡ, ಎಲೆಗಳ ಜೋಡಣೆ, ಹಾಲು, ಹೂವು, ಕಾಯಿ ಇವೆಲ್ಲ ಅದಕ್ಕಿಂತ ಮೊದಲಿನವು. ಅದೇ ಕ್ರಮದಲ್ಲಿ ಕೆಳಗೆ ಬರೆದಿದ್ದೇನೆ. ಒಂದು ಹಂತದಲ್ಲಿ ಅನುಮಾನ ಉಳಿದರೂ ಅಲ್ಲಿಗೇ ನಿಲ್ಲಿಸಿ, ಬಳ್ಳಿಯನ್ನು ಇದ್ದಲ್ಲೇ ಬಿಡಿ.

ಏನೇನು ಬೇಕು

ರಬ್ಬರ್ ಕೈಗವಸು, ಹರಿತವಾದ ಚಾಕು ಅಥವಾ ಬ್ಲೇಡು, ಬಿಳಿ ಹಾಳೆ, ಒಂದು ಭೂತಗನ್ನಡಿ, ಹಳೆಯ ಪತ್ರಿಕೆ, ಫೋನು. ಕಣ್ಣಿಗೆ ಕನ್ನಡಕ ಇದ್ದರೆ ಒಳ್ಳೆಯದು. ನಾಲಿಗೆಯನ್ನು ಮಾತ್ರ ಈ ಕೆಲಸಕ್ಕೆ ಬಳಸಬೇಡಿ. ‘ಕಹಿ ಇದ್ದರೆ ಅಮೃತಬಳ್ಳಿ’, ‘ಅಗಿದ ಮೇಲೆ ಸಕ್ಕರೆ ಸಪ್ಪಗಾದರೆ ಮಧುನಾಶಿನಿ’ ಎನ್ನುವ ಪರೀಕ್ಷೆಗಳು ಊರಲ್ಲಿ ಚಾಲ್ತಿಯಲ್ಲಿವೆ. ಬಳ್ಳಿ ಯಾವುದೆಂದು ಗೊತ್ತಾಗುವ ಮೊದಲೇ ಅದನ್ನು ಬಾಯಿಗೆ ಹಾಕಿಕೊಳ್ಳುವುದು ಯಾವ ರೀತಿಯ ಪರೀಕ್ಷೆ?

1. ಬುಡದಿಂದ ತುದಿಯವರೆಗೆ ಒಂದೇ ಬಳ್ಳಿಯೇ ನೋಡಿ

ಬೇಲಿಯಲ್ಲಿ ಮೂರ್ನಾಲ್ಕು ಬಳ್ಳಿಗಳು ಹೆಣೆದುಕೊಂಡಿರುತ್ತವೆ. ಮೇಲೆ ಕಾಣುವ ಎಲೆ ಒಂದರದ್ದು, ಕೈಗೆ ಸಿಗುವ ಕಾಂಡ ಇನ್ನೊಂದರದ್ದು. ಆದ್ದರಿಂದ ಒಂದು ಎಲೆಯನ್ನು ಆರಿಸಿಕೊಂಡು ಅದರ ತೊಟ್ಟು, ಅದರ ಗೆಣ್ಣು, ಅಲ್ಲಿಂದ ಕಾಂಡ ಹಿಡಿದು ನೆಲದವರೆಗೆ ಕಣ್ಣಲ್ಲೇ ಇಳಿಯಿರಿ. ಗೆಣ್ಣು ಎಂದರೆ ಎಲೆ ಹುಟ್ಟುವ ಗಂಟು.

ಮುಟ್ಟುವ ಮೊದಲು ಎರಡು ಬಳ್ಳಿಗಳು ಅಲ್ಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಒಂದು ತುರಚಿ ಬಳ್ಳಿ. ಎಲೆಯ ಅಂಚು ಗರಗಸದಂತಿದ್ದು, ಎಲೆ ಕಾಂಡದ ಮೇಲೆಲ್ಲ ಸಣ್ಣ ಮುಳ್ಳುಗೂದಲು ಇರುತ್ತದೆ. ತಾಗಿದ ಕೂಡಲೇ ಉರಿಯುತ್ತದೆ. ಇನ್ನೊಂದು ನಸುಗುನ್ನಿ. ಇದರ ಎಲೆ ಅವರೆ ಬಳ್ಳಿಯಂತೆಯೇ ಮೂರು ಮೂರರ ಗುಂಪು, ಆದ್ದರಿಂದ ಅವರೆ ಎಂದುಕೊಂಡು ಕೈ ಹಾಕುವವರಿದ್ದಾರೆ. ಹೂವು ಕಡುನೇರಳೆ, ಗೊಂಚಲಾಗಿ ಕೆಳಗೆ ಜೋತುಬಿದ್ದಿರುತ್ತದೆ. ಕಾಯಿ ಸೊಟ್ಟ, ಮೈತುಂಬ ಹೊಂಬಣ್ಣದ ರೋಮ. ಅವರೆಯ ಕಾಯಿಯ ಮೇಲೆ ಅಂಥ ರೋಮ ಇರುವುದಿಲ್ಲ. ಚಳಿಗಾಲದಲ್ಲಿ ಕಾಯಿ ಒಣಗಿದಾಗ ಆ ರೋಮ ಗಾಳಿಗೂ ಹಾರುತ್ತದೆ. ತಾಗಿದರೆ ಉಜ್ಜಬೇಡಿ, ಉಜ್ಜಿದಷ್ಟೂ ಚುಚ್ಚಿಕೊಳ್ಳುತ್ತದೆ. ಅಂಟುಟೇಪನ್ನು ಚರ್ಮಕ್ಕೆ ಒತ್ತಿ ಎಳೆದು ರೋಮ ತೆಗೆಯಿರಿ, ಆಮೇಲೆ ಹರಿಯುವ ನೀರಿನಲ್ಲಿ ತೊಳೆಯಿರಿ. ಬಟ್ಟೆಯನ್ನೂ ಬೇರೆಯಾಗಿ ಒಗೆಯಿರಿ.

2. ಹೇಗೆ ಹತ್ತುತ್ತದೆ ಗಮನಿಸಿ

ಬಳ್ಳಿ ಹತ್ತುವ ರೀತಿ ಮುಖ್ಯ ಸುಳಿವು. ಕಾಂಡವೇ ಆಸರೆಗೆ ಸುತ್ತಿಕೊಂಡಿದೆಯೋ, ಗೆಣ್ಣಿನಿಂದ ಹೊರಟ ಸುರುಳಿ ಎಳೆ ಸುತ್ತಿದೆಯೋ, ಗೆಣ್ಣಿನ ಬೇರುಗಳು ಗೋಡೆಗೆ ಅಂಟಿವೆಯೋ ನೋಡಿ. ಅಮೃತಬಳ್ಳಿ ಕಾಂಡದಿಂದಲೇ ಸುತ್ತುತ್ತದೆ. ತೊಂಡೆ, ಹಾಗಲ, ಹೀರೆಗಳಿಗೆ ಸುರುಳಿ ಎಳೆ ಇರುತ್ತದೆ. ವೀಳ್ಯದೆಲೆ, ಮನಿಪ್ಲಾಂಟ್‌ಗಳು ಬೇರು ಊರಿ ಏರುತ್ತವೆ.

ಎಲೆಯ ತುದಿಯೇ ಉದ್ದವಾಗಿ ಸುರುಳಿ ಸುತ್ತಿಕೊಂಡಿದ್ದರೆ ಅಲ್ಲಿಗೇ ನಿಲ್ಲಿ. ಅದು ಅಗ್ನಿಶಿಖೆ, ಹಲವೆಡೆ ಗೌರಿಹೂವು ಎನ್ನುತ್ತಾರೆ. ಮಳೆಗಾಲದಲ್ಲಿ ಹಳದಿ ಬುಡ, ಕೆಂಪು ತುದಿಯ ಎಸಳುಗಳು ಹಿಂದಕ್ಕೆ ಮಡಚಿ ಮೇಲಕ್ಕೆ ನಿಂತಿರುತ್ತವೆ. ನೋಡಲು ಬಹಳ ಚೆಂದ, ಆದರೆ ಬೇರಿನಿಂದ ಬೀಜದವರೆಗೆ ಇಡೀ ಗಿಡ ವಿಷ. ಇದರ ಬಗ್ಗೆ ಆರನೇ ಹಂತದಲ್ಲಿ ಮತ್ತೆ ಹೇಳುತ್ತೇನೆ.

3. ಗೆಣ್ಣಿಗೆ ಎಷ್ಟು ಎಲೆ?

ಒಂದು ಗೆಣ್ಣಿಗೆ ಒಂದೇ ಎಲೆ, ಮುಂದಿನದು ಇನ್ನೊಂದು ಬದಿಗೆ ಇದ್ದರೆ ಅದು ಪರ್ಯಾಯ ಜೋಡಣೆ. ಒಂದೇ ಗೆಣ್ಣಿನಲ್ಲಿ ಎದುರುಬದುರಾಗಿ ಎರಡು ಎಲೆಗಳಿದ್ದರೆ ಅಭಿಮುಖ ಜೋಡಣೆ. ಅಮೃತಬಳ್ಳಿ, ದಾಗಡಿ ಬಳ್ಳಿ, ತೊಂಡೆ, ಬಸಳೆ, ವೀಳ್ಯದೆಲೆ ಇವೆಲ್ಲ ಪರ್ಯಾಯ. ‘ಅಮೃತಬಳ್ಳಿ’ ಎಂದುಕೊಂಡದ್ದರಲ್ಲಿ ಎಲೆಗಳು ಎದುರುಬದುರು ಕಂಡರೆ ಅದು ಖಂಡಿತ ಅಮೃತಬಳ್ಳಿ ಅಲ್ಲ. ಹೆಚ್ಚಾಗಿ ಅದು ಹಾಲುಕೊರಟಿಗೆ ಆಗಿರುತ್ತದೆ: ಹೃದಯದಾಕಾರದ ಮೆತ್ತನೆಯ ರೋಮದ ಎಲೆ, ಮುರಿದರೆ ಬಿಳಿ ಹಾಲು, ಜೋಡಿಯಾಗಿ ಬಿಡುವ ಮೃದುಮುಳ್ಳಿನ ಕಾಯಿ, ಜಜ್ಜಿದರೆ ಕೆಟ್ಟ ವಾಸನೆ.

ಮಧುನಾಶಿನಿ ಹುಡುಕುವವರಿಗೆ ಈ ಹಂತ ಸಾಲದು. ಅದೂ ಅಭಿಮುಖ, ಅದನ್ನು ಹೋಲುವ ಆಡುಮುಟ್ಟದ ಬಳ್ಳಿಯೂ ಅಭಿಮುಖ. ಎರಡನೆಯದು ಜೋರಾಗಿ ವಾಂತಿ ಬರಿಸುತ್ತದೆ. ಹೂವು ಬಂದಾಗ ಭೇದ ಸ್ಪಷ್ಟ. ಮಧುನಾಶಿನಿಯದು ಹಳದಿಯ ತೀರ ಸಣ್ಣ ಹೂವುಗಳ ಒತ್ತಾದ ಗೊಂಚಲು. ಇನ್ನೊಂದರ ಹೂವು ದೊಡ್ಡದು, ಒಳಭಾಗದಲ್ಲಿ ನೇರಳೆ ಛಾಯೆ. ಹೂವಿಲ್ಲದ ಕಾಲದಲ್ಲಿ ಈ ಎರಡನ್ನು ಮನೆಯಲ್ಲೇ ಬೇರ್ಪಡಿಸಲು ಹೋಗಬೇಡಿ. ಸಕ್ಕರೆ ಕಾಯಿಲೆಯವರು ಮಾತ್ರೆ ಬಿಟ್ಟು ಬೇಲಿಯ ಎಲೆಗೆ ಇಳಿಯುವುದಂತೂ ಬೇಡವೇ ಬೇಡ.

4. ತೊಟ್ಟು ಮುರಿದು ಹಾಲು ನೋಡಿ

ಕೈಗವಸು ಹಾಕಿಕೊಂಡು ಒಂದು ಎಲೆಯ ತೊಟ್ಟು ಮುರಿಯಿರಿ, ಬಿಳಿ ಹಾಳೆಗೆ ಒತ್ತಿ ಹಿಡಿಯಿರಿ. ಬಿಳಿ ಹಾಲು ಬಂದರೆ ಅದನ್ನು ಅಡುಗೆಗೂ ಕಷಾಯಕ್ಕೂ ಬಳಸಬೇಡಿ. ಬೇಲಿಯಲ್ಲೂ ಉದ್ಯಾನದಲ್ಲೂ ಕಾಣುವ ರಬ್ಬರ್ ಬಳ್ಳಿ ಈ ಗುಂಪಿನದು. ಹೊಳಪಿನ ದಪ್ಪ ಎಲೆ, ತಿಳಿನೇರಳೆ ಬಣ್ಣದ ದೊಡ್ಡ ಹೂವು. ಇದರ ವಿಷ ನೇರವಾಗಿ ಹೃದಯದ ಬಡಿತವನ್ನು ಕೆಡಿಸುತ್ತದೆ. ಹಾಲು ಕಣ್ಣಿಗೆ ಸಿಡಿದರೆ 15 ನಿಮಿಷವಾದರೂ ಹರಿಯುವ ನೀರಿನಲ್ಲಿ ಕಣ್ಣು ತೊಳೆದು, ಕಣ್ಣಿನ ವೈದ್ಯರ ಹತ್ತಿರ ಹೋಗಿ.

ಇಲ್ಲಿ ಎರಡು ತಪ್ಪುಗಳಾಗುತ್ತವೆ. ಹಾಲಿಲ್ಲದ್ದೆಲ್ಲ ಒಳ್ಳೆಯದು ಎಂದುಕೊಳ್ಳುವುದು ಮೊದಲನೆಯದು. ಅಗ್ನಿಶಿಖೆಯಲ್ಲಿ ಹಾಲಿಲ್ಲ, ಗುಲಗಂಜಿಯಲ್ಲಿ ಹಾಲಿಲ್ಲ, ಈಶ್ವರಿ ಬಳ್ಳಿಯಲ್ಲೂ ಹಾಲಿಲ್ಲ. ಎರಡನೆಯದು, ನಾಮದ ಬೇರಿನ ಬಳ್ಳಿಯಲ್ಲಿ ಹಾಲಿದ್ದರೂ ಅದು ನಿರಪಾಯವಲ್ಲವೇ ಎಂದು ವಾದಿಸಿ ನಿಯಮವನ್ನೇ ಸಡಿಲಿಸುವುದು. ನಾಮದ ಬೇರು ಒಳ್ಳೆಯದೇ, ಶರಬತ್ತಿಗೆ ಬಳಸುವುದೂ ಅದನ್ನೇ. ಆದರೆ ಅದರ ಹೆಸರಿನಲ್ಲಿ ಬೆರಕೆಯಾಗುವ ಇನ್ನೊಂದು ಹಾಲುಬಳ್ಳಿ ಇದೆ, ಎಲೆಯ ಅಡಿಭಾಗ ಬಿಳಿಚಿಕೊಂಡಿರುತ್ತದೆ, ಅದು ವಿಷಕಾರಿ. ನಾಮದ ಬೇರಿನ ಗುರುತು ಬೇರಿನ ಸುವಾಸನೆಯೇ. ನೆಲದಿಂದ ತೆಗೆದು ಗೀರಿದ ತಕ್ಷಣ ಸಿಹಿಯಾದ ಪರಿಮಳ ಬರಬೇಕು. ಅದು ಬಾರದಿದ್ದರೆ ಬಿಡಿ. ಕಪ್ಪತಗುಡ್ಡದಲ್ಲಿ ಮಾತ್ರ ಬೇರು ಕೀಳಲು ಹೋಗಬೇಡಿ, 2019ರಿಂದ ಅದು ವನ್ಯಜೀವಿ ಧಾಮ.

5. ಕಾಂಡವನ್ನು ಕೊಯ್ದು ನೋಡಿ

ಹೆಚ್ಚಿನ ಪ್ರಶ್ನೆಗಳು ಅಮೃತಬಳ್ಳಿಯದೇ ಆದ್ದರಿಂದ ಈ ಹಂತವನ್ನು ನಿಧಾನವಾಗಿ ಓದಿ.

ಬೆರಳು ದಪ್ಪದ, ಬಲಿತ ಕಾಂಡವನ್ನೇ ಆರಿಸಿ. ಎಳೆಯ ಹಸಿರು ಕುಡಿಯಲ್ಲಿ ಗುರುತುಗಳು ಇನ್ನೂ ಮೂಡಿರುವುದಿಲ್ಲ. ಉಗುರಿನಿಂದ ಮೇಲ್ಮೈ ಕೆರೆಯಿರಿ. ಅಮೃತಬಳ್ಳಿಯಾದರೆ ಬೂದುಗಂದು ಬಣ್ಣದ ತೆಳು ಸಿಪ್ಪೆ ಪದರಾಗಿ ಏಳುತ್ತದೆ, ಅದರ ಕೆಳಗೆ ಹಸಿರು ಕಾಣುತ್ತದೆ. ಸಿಪ್ಪೆಯ ಮೇಲೆ ಸಣ್ಣ ಚುಕ್ಕೆಗಳಿರುತ್ತವೆ, ಕಾಂಡ ಉಸಿರಾಡುವ ರಂಧ್ರಗಳವು. ಬೆರಳು ಆಡಿಸಿದರೆ ತುಸು ಒರಟೆನಿಸುತ್ತವೆ, ಅಷ್ಟೇ. ಈಗ ಅಡ್ಡಕ್ಕೆ ಕೊಯ್ಯಿರಿ. ನಡುವಿನಿಂದ ಅಂಚಿಗೆ ಚಕ್ಕಡಿ ಗಾಲಿಯ ಅರಗಳ ಹಾಗೆ ಗೆರೆಗಳು ಹರಡಿರುತ್ತವೆ. ಕೊಯ್ದ ಜಾಗ ಕೈಗೆ ಲೋಳೆಲೋಳೆ ಹತ್ತುತ್ತದೆ. ಬಳ್ಳಿ ಎತ್ತರ ಏರಿದ್ದರೆ ಮೇಲಿನಿಂದ ದಾರದಂಥ ಬೇರುಗಳು ಗಾಳಿಯಲ್ಲಿ ಇಳಿಬಿದ್ದಿರುತ್ತವೆ. ಎಲೆಯ ತೊಟ್ಟು ಕಾಂಡಕ್ಕೆ ಸೇರುವಲ್ಲಿ ಉಬ್ಬಿ, ತುಸು ತಿರುಚಿಕೊಂಡಿರುತ್ತದೆ.

ಅರದಂಥ ಗೆರೆಗಳೊಂದನ್ನೇ ನೋಡಿ ಒಪ್ಪಿಕೊಳ್ಳಬೇಡಿ. ಹಾವು ಬರುವುದಿಲ್ಲವೆಂದು ಹಿತ್ತಲಲ್ಲಿ ಬೆಳೆಸುವ ಈಶ್ವರಿ ಬಳ್ಳಿಯ ಜಾತಿಯಲ್ಲೂ ಅಂಥ ಗೆರೆಗಳು ಕಾಣುತ್ತವೆ. ಆ ಜಾತಿಯ ಕೆಲವು ಅಲಂಕಾರದ ಬಳ್ಳಿಗಳ ಎಲೆಯಂತೂ ಅಮೃತಬಳ್ಳಿಯದೇ ಎನಿಸುವಷ್ಟು ಹೋಲುತ್ತದೆ. ಪರ್ಯಾಯ ಎಲೆ, ಹಾಲಿಲ್ಲ, ಹೃದಯದಾಕಾರ, ಹೀಗೆ ಮೊದಲಿನ ಹಂತಗಳನ್ನೆಲ್ಲ ಅದು ದಾಟಿ ಬರುತ್ತದೆ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಶಾಶ್ವತವಾಗಿ ಕೆಡಿಸುತ್ತದೆ, ಮೂತ್ರನಾಳದ ಕ್ಯಾನ್ಸರಿಗೂ ಕಾರಣ ಎಂಬುದು ಖಚಿತವಾಗಿದೆ. ಇದನ್ನು ಹಿಡಿದುಕೊಡುವುದು ವಾಸನೆ ಮತ್ತು ಹೂವು. ಎಲೆ, ಕಾಂಡ ಜಜ್ಜಿದರೆ ಘಾಟು ಮೂಗಿಗೆ ಬಡಿಯುತ್ತದೆ. ಹೂವಿಗೆ ಬಿಡಿ ಎಸಳಿಲ್ಲ, ಬಾಗಿದ ಕೊಳವೆಯೊಂದು ಬಾಯಿ ತೆರೆದಂತಿರುತ್ತದೆ. ಒಣಗಿದ ಕಾಯಿ ತೊಟ್ಟಿನ ಕಡೆಯಿಂದ ಸೀಳಿ ತೂಗುಬುಟ್ಟಿಯಾಗಿ ಬಿಚ್ಚಿಕೊಳ್ಳುತ್ತದೆ. ಹಸಿರು ಒಳಸಿಪ್ಪೆ, ಲೋಳೆ, ಇಳಿಬಿದ್ದ ಬೇರು, ಘಾಟಿಲ್ಲದಿರುವುದು ಈ ನಾಲ್ಕೂ ಸೇರಿದರೆ ಮಾತ್ರ ಮುಂದಕ್ಕೆ ಹೋಗಿ.

ಅಮೃತಬಳ್ಳಿಗೆ ಅದರ ಕುಲದಲ್ಲೇ ಒಂದು ಜೋಡಿ ಇದೆ, ಟಿನೊಸ್ಪೊರಾ ಕ್ರಿಸ್ಪಾ. ಇದನ್ನು ತಪ್ಪಾಗಿ ಬಳಸಬೇಡಿ ಎಂದು ಕೇಂದ್ರದ ಆಯುಷ್ ಸಚಿವಾಲಯ 2022ರಲ್ಲಿ ಸೂಚನೆ ಹೊರಡಿಸಿತು. ಯಾರಾದರೂ ಕೊಟ್ಟ ಕಡ್ಡಿ ತಂದು ಕುಂಡದಲ್ಲಿ ನೆಡುವವರು ಇದನ್ನು ನೆನಪಿಡಬೇಕು. ಕ್ರಿಸ್ಪಾದ ಕಾಂಡ ಬೂದುಬಣ್ಣದ್ದು, ಮೈತುಂಬ ಎದ್ದುನಿಂತ ಮೊಂಡು ಗುಬುಟುಗಳು, ಕೊಯ್ದರೆ ಹಾಲಿನಂಥ ರಸ. ಹೂವಿನಲ್ಲಿ 3 ದಳ, ಅಮೃತಬಳ್ಳಿಯಲ್ಲಿ 6. ಅಮೃತಬಳ್ಳಿಯ ಹಣ್ಣು ದುಂಡಗೆ, ಕೆಂಪಗೆ. ಕ್ರಿಸ್ಪಾದ್ದು ಉದ್ದುರುಟು, ಕಿತ್ತಳೆ ಬಣ್ಣ.

ಸರಿಯಾದ ಅಮೃತಬಳ್ಳಿಯೇ ಆದರೂ ಒಂದು ಮಾತು ಹೇಳಲೇಬೇಕು. ಕೋವಿಡ್ ಕಾಲದಲ್ಲಿ ಇದನ್ನು ವಾರಗಟ್ಟಲೆ ಕುಡಿದವರಲ್ಲಿ ಯಕೃತ್ತಿನ ತೊಂದರೆ ಕಾಣಿಸಿದ್ದನ್ನು ವೈದ್ಯರು ವರದಿ ಮಾಡಿದ್ದಾರೆ. ಯಕೃತ್ತಿನ ಕಾಯಿಲೆ ಇರುವವರು, ಥೈರಾಯ್ಡ್ ಉರಿಯೂತದಂಥ ಸ್ವರಕ್ಷಿತ ಕಾಯಿಲೆ ಇರುವವರು (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವುದು), ಗರ್ಭಿಣಿಯರು ವೈದ್ಯರನ್ನು ಕೇಳದೆ ಕುಡಿಯಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಅಂದೇ ನಿಲ್ಲಿಸಿ ಪರೀಕ್ಷೆ ಮಾಡಿಸಿ.

ದಾಗಡಿ ಬಳ್ಳಿಯ ಗುರುತು ಸುಲಭ. ಸಣ್ಣ ಎಲೆ, ಎರಡೂ ಬದಿ ಮೆತ್ತನೆಯ ರೋಮ, ನೀರಿನಲ್ಲಿ ಕಿವುಚಿಟ್ಟರೆ ಸ್ವಲ್ಪ ಹೊತ್ತಿಗೆ ಹಸಿರು ಲೋಳೆಯಾಗಿ ಗಟ್ಟಿಯಾಗುತ್ತದೆ.

6. ಹೂವು, ಕಾಯಿ, ಗೆಡ್ಡೆ

ತೊಂಡೆ ಮತ್ತು ಲಿಂಗತೊಂಡೆ: ಎರಡರ ಕಾಯಿಗೂ ಬಿಳಿ ಗೀಟು, ಎರಡೂ ಹಣ್ಣಾದರೆ ಕೆಂಪು. ತೊಂಡೆಯದು ಉದ್ದನೆಯ ಕಾಯಿ, ಒಂದೊಂದೇ ಬಿಡುತ್ತದೆ, ಸುರುಳಿ ಎಳೆ ಕವಲೊಡೆಯುವುದಿಲ್ಲ. ಲಿಂಗತೊಂಡೆಯದು ಗೋಲಿಯಷ್ಟು ದುಂಡು, ಗೆಣ್ಣಿನಲ್ಲಿ ಎರಡು ಮೂರು ಒಟ್ಟಿಗೆ, ಎಳೆ ಎರಡು ಕವಲು, ಎಲೆ ಅಂಗೈ ಬೆರಳುಗಳಂತೆ ಆಳವಾಗಿ ಸೀಳಿರುತ್ತದೆ. ತಿನ್ನಬಾರದ್ದು ಲಿಂಗತೊಂಡೆ, ಮಕ್ಕಳ ಕಣ್ಣಿಗೆ ಬೀಳುವುದೂ ಈ ಕೆಂಪು ಗೋಲಿಗಳೇ. ಹಕ್ಕಿ ತಿನ್ನುತ್ತದೆ, ಆಡು ಮೇಯುತ್ತದೆ ಎನ್ನುವುದು ನಮಗೆ ಆಧಾರವಾಗದು.

ಎರಿ ಹೊಲದಲ್ಲಿ ಮಳೆಗಾಲಕ್ಕೆ ತಾನಾಗಿ ಹುಟ್ಟುವ ಕರ್ಚಿಕಾಯಿ ನಮ್ಮ ಕಡೆಯ ಅಕ್ಕರೆಯ ತರಕಾರಿ, ಹುಬ್ಬಳ್ಳಿ ಗದಗಿನ ಸಂತೆಗಳಿಗೂ ಬರುತ್ತದೆ. ಬೆರಳ ತುದಿಯಷ್ಟು ಕಾಯಿ, ಉದ್ದಕ್ಕೆ ಎದ್ದ ಏಣುಗಳು, ಎಲೆ ದುಂಡಗಿದ್ದು ಅಂಚು ಮಾತ್ರ ತುಸು ಕಚ್ಚಾಗಿರುತ್ತದೆ. ಅದೇ ನೆಲದಲ್ಲಿ ಹರಡುವ ಹಾವುಮೆಕ್ಕೆಯ ಎಲೆ ಕಲ್ಲಂಗಡಿಯದರಂತೆ ಆಳವಾಗಿ ಸೀಳಿದ್ದು ಒರಟು, ಕಾಯಿ ನುಣ್ಣನೆ ದುಂಡು, ಏಣಿಲ್ಲ. ಅದು ರಕ್ತಭೇದಿ ಮಾಡಿಸುವಷ್ಟು ತೀವ್ರ.

ಸೋರೆ, ಹೀರೆ, ಸೌತೆ ಮನೆಯಲ್ಲೇ ಬೆಳೆದವಾದರೂ ಕಹಿ ಬಂದರೆ ಚೆಲ್ಲಿ. ಕಹಿ ಸೋರೆಯ ರಸ ಕುಡಿದು ಪ್ರಾಣಕ್ಕೆ ಬಂದ ಪ್ರಕರಣಗಳ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ತಜ್ಞರ ಸಮಿತಿಯೂ ಇದನ್ನೇ ಹೇಳಿದೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಹಾಗಲದ ಕಹಿ ಬೇರೆ, ಅದು ಸಹಜ.

ಶಂಖಪುಷ್ಪದ ನೀಲಿ ಚಹಾ ಈಗ ಮನೆಮನೆಯಲ್ಲಿದೆ. ಹೂವು ಬಳಸಿ, ಬೀಜ ಬೇರು ಬೇಡ, ಅವು ಭೇದಿ ಮಾಡಿಸುತ್ತವೆ. ಇದರ ಎಲೆ 5 ಅಥವಾ 7 ಕಿರುಎಲೆಗಳದ್ದು, ತುದಿಯಲ್ಲಿ ಒಂದು ಒಂಟಿ. ಬೇಲಿಯಲ್ಲಿ ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುವ ನೀಲಿ ಕಹಳೆಹೂವು ಬೇರೆ ಜಾತಿ, ಅದರ ಎಲೆಗೆ ಕಿರುಎಲೆಗಳಿಲ್ಲ, ಒಂದೇ ಎಲೆ ಮೂರು ಹಾಲೆಗಳಾಗಿ ಸೀಳಿರುತ್ತದೆ. ಅದನ್ನು ಚಹಾಕ್ಕೆ ಹಾಕಬೇಡಿ.

ಕಿರುಎಲೆಗಳು ಹತ್ತಾರು ಜೋಡಿ ಇದ್ದು ತುದಿಯಲ್ಲಿ ಒಂಟಿ ಎಲೆ ಇಲ್ಲದಿದ್ದರೆ ಅದು ಗುಲಗಂಜಿ ಇರಬಹುದು. ಎಲೆ ಸಿಹಿ, ಅದೇ ಮೋಸ. ಅಕ್ಕಸಾಲಿಗರು ತೂಕಕ್ಕೆ ಬಳಸುತ್ತಿದ್ದ ಆ ಕೆಂಪು ಕಪ್ಪು ಬೀಜದಲ್ಲಿ ಅಬ್ರಿನ್ ಎಂಬ ಭಯಂಕರ ವಿಷವಿದೆ, ಅದಕ್ಕೆ ಪ್ರತಿವಿಷ ಇಲ್ಲ. ಬೀಜ ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದ ಕೆಲವೊಮ್ಮೆ ಪಾರಾಗಬಹುದು, ಅಗಿದರೆ ಅಥವಾ ಸರ ಪೋಣಿಸಲು ತೂತು ಮಾಡಿದ್ದಾದರೆ ಪ್ರಾಣಕ್ಕೇ ಅಪಾಯ. ಮಕ್ಕಳ ಆಟಿಕೆ ಪೆಟ್ಟಿಗೆಯಲ್ಲಿ, ಚೌಕಾಬಾರದ ಕಾಯಿಗಳಲ್ಲಿ ಇದ್ದರೆ ಇವತ್ತೇ ತೆಗೆದುಹಾಕಿ.

ಅಗ್ನಿಶಿಖೆಯ ಅಪಾಯ ಇರುವುದು ನೆಲದೊಳಗೆ. ಮಳೆಗಾಲ ಮುಗಿದು ಬಳ್ಳಿ ಒಣಗಿದ ಮೇಲೆ ಉಳಿಯುವುದು ಗೆಡ್ಡೆ ಮಾತ್ರ. ಅಗೆದಾಗ ಗೆಣಸಿನ ಹಾಗೆಯೇ ಕಾಣುತ್ತದೆ. ಇಂಗ್ಲಿಷ್ ವಿ ಅಕ್ಷರದಂತೆ ಎರಡು ಕವಲಾಗಿ ಬಾಗಿದ್ದರೆ ಅದೇ, ಆದರೆ ಒಂದು ಕವಲು ಮುರಿದಿದ್ದರೆ ಆ ಗುರುತೂ ಇಲ್ಲ. ಇದರಲ್ಲಿರುವ ಕಾಲ್ಚಿಸಿನ್ ಎಂಬ ವಿಷ ಕುದಿಸಿದರೂ ನಾಶವಾಗದು. ತಿಂದು ಕೆಲವು ಗಂಟೆಗಳ ನಂತರ ವಾಂತಿ ಭೇದಿ ಶುರುವಾಗುತ್ತದೆ, ನಡುವೆ ಸುಧಾರಿಸಿದಂತೆ ಕಂಡು ಎರಡು ಮೂರು ದಿನಕ್ಕೆ ಒಂದೊಂದೇ ಅಂಗ ಸೋಲುತ್ತದೆ. ಆದ್ದರಿಂದ ಮೇಲೆ ಎಲೆ ಇಲ್ಲದ ಕಾಲದಲ್ಲಿ ಬದುವಿನಲ್ಲಿ ಸಿಕ್ಕ ಯಾವ ಗೆಡ್ಡೆಯನ್ನೂ ಅಡುಗೆಮನೆಗೆ ತರಬೇಡಿ. ಗೆಣ್ಣುಗಳಲ್ಲಿ ಆಲೂಗಡ್ಡೆಯಂಥ ಕಾಯಿ ಬಿಡುವ ಕಾಡುಗೆಣಸಿಗೂ ಇದೇ ಮಾತು. ಬೆಳೆಸಿದವು ತಿನ್ನಲು ಬರುತ್ತವೆ, ಕಾಡಿನವು ಕಹಿ ಮತ್ತು ವಿಷ.

7. ಮನೆಯ ಕುಂಡಗಳನ್ನೂ ಪರೀಕ್ಷಿಸಿ

ಸವಣೂರಿನ ವೀಳ್ಯದೆಲೆಯ ಬಳ್ಳಿಯನ್ನು ಕುಂಡದಲ್ಲಿ ಬೆಳೆಸುವವರು ಬಹಳ. ಪಕ್ಕದಲ್ಲೇ ಮನಿಪ್ಲಾಂಟ್ ಇರುತ್ತದೆ. ವೀಳ್ಯದೆಲೆ ಜಜ್ಜಿದರೆ ಅದರದೇ ಪರಿಮಳ, ಎಲೆಯ ಬುಡದಿಂದಲೇ ಐದಾರು ನರಗಳು ಹರಡುತ್ತವೆ. ಮನಿಪ್ಲಾಂಟ್‌ನಲ್ಲಿ ನಡುವೆ ಒಂದೇ ದಪ್ಪ ನರ, ಎಲೆ ಮೇಣದಂತೆ ದಪ್ಪ, ತೊಟ್ಟಿನ ಮೇಲೆ ಕಾಲುವೆಯಂಥ ಗೀರು, ಪರಿಮಳವಿಲ್ಲ. ಅದನ್ನು ಅಗಿದರೆ ಸೂಜಿಯಂಥ ಹರಳುಗಳು ನಾಲಿಗೆ, ಗಂಟಲಿಗೆ ಚುಚ್ಚಿ ಉರಿ, ಬಾವು. ಉಗುಳಿ ಬಾಯಿ ಮುಕ್ಕಳಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಉಸಿರಿಗೆ ತೊಂದರೆಯಾದರೆ ಕಾಯಬೇಡಿ. ಎರಡು ಕುಂಡಗಳನ್ನು ದೂರ ಇಡಿ.

8. ಫೋಟೊ ಕಳಿಸುವುದಾದರೆ ಹೀಗೆ

ಇಡೀ ಬಳ್ಳಿ, ಗೆಣ್ಣಿನ ಹತ್ತಿರದ ನೋಟ, ಎಲೆಯ ಎರಡೂ ಬದಿ, ಕೊಯ್ದ ಕಾಂಡ, ಹೂವು ಅಥವಾ ಕಾಯಿ. ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ. ಫೋನಿನ ಗಿಡ ಗುರುತಿಸುವ ಆ್ಯಪ್ ಹೇಳುವುದು ಊಹೆ, ತಿನ್ನುವ ನಿರ್ಧಾರಕ್ಕೆ ಅದು ಸಾಲದು. ಎಲೆ, ಹೂವು ಇರುವ ಒಂದು ಮೊಳ ಕೊಂಬೆಯನ್ನು ಪತ್ರಿಕೆಯ ನಡುವೆ ಒತ್ತಿ ಒಣಗಿಸಿ, ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕೋ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೋ ಒಯ್ದು ಕೇಳಿ. ಗದಗಿನವರಿಗೆ ಹುಲಕೋಟಿಯ, ಹಾವೇರಿಯವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ.

ಯಾರಾದರೂ ತಿಂದುಬಿಟ್ಟರೆ

ಬಾಯಲ್ಲಿ ಉಳಿದದ್ದನ್ನು ತೆಗೆಸಿ ನೀರಿನಿಂದ ಮುಕ್ಕಳಿಸಲು ಹೇಳಿ. ಉಪ್ಪುನೀರು ಕುಡಿಸಿಯಾಗಲಿ ಬೆರಳು ಹಾಕಿಯಾಗಲಿ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಅಪಾಯ. ಹಾಲು, ತುಪ್ಪ, ಹುಣಸೆನೀರು ಯಾವುದೂ ಪ್ರತಿವಿಷವಲ್ಲ. ಲಕ್ಷಣ ಕಾಣಲಿ ಎಂದು ಕೂರಬೇಡಿ, ಗುಲಗಂಜಿಗೂ ಅಗ್ನಿಶಿಖೆಗೂ ಲಕ್ಷಣ ತಡವಾಗಿ ಬರುತ್ತದೆ. 108ಕ್ಕೆ ಕರೆ ಮಾಡಿ. ಹುಬ್ಬಳ್ಳಿ, ಗದಗ, ಹಾವೇರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ 1800 116 117 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಚಿಕಿತ್ಸೆ ಕೊಡುವ ವೈದ್ಯರೂ ಅಲ್ಲಿ ವಿಚಾರಿಸಬಹುದು.

ಆಸ್ಪತ್ರೆಗೆ ಹೊರಡುವಾಗ ತಿಂದ ಬಳ್ಳಿಯ ತುಂಡನ್ನು ಎಲೆ, ಕಾಯಿ, ಗೆಡ್ಡೆ ಸಮೇತ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಪ್ಲಾಸ್ಟಿಕ್ಕಿನಲ್ಲಿ ಬೆವೆತು ಕೊಳೆಯುತ್ತದೆ. ಎಷ್ಟು ಹೊತ್ತಿಗೆ ತಿಂದರು, ಎಷ್ಟು ತಿಂದರು, ಅಗಿದರೋ ನುಂಗಿದರೋ, ಮಗುವಾದರೆ ಅದರ ತೂಕ ಎಷ್ಟು, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದು ಅದನ್ನೇ.